ಯುರೋಪ್ ಟೂರಿಗೆ ಯಾವ ಲೆನ್ಸ್? ಬಸ್ಸು ನಿಲ್ಲೋದು ಇಪ್ಪತ್ತೇ ನಿಮಿಷ

ಬಾಗಲಕೋಟೆಯ ನವನಗರದಿಂದ ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರರು ಉದ್ದದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇಷ್ಟು:

"ಮೇ ಎರಡನೇ ವಾರ ನಾನು, ನಮ್ಮ ಮನೆಯವರು ಗ್ರೂಪ್ ಟೂರಿನಲ್ಲಿ ಹನ್ನೆರಡು ದಿನ ಯುರೋಪಿಗೆ ಹೊರಟಿದ್ದೇವೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಫ್ಲಾರೆನ್ಸ್, ಪೀಸಾ, ರೋಮ್. ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಅದರ ಜೊತೆಗೇ ಬಂದ 18-55 ಮತ್ತು 55-250 ಲೆನ್ಸ್ ಇವೆ. 55-250ರ ಒಳಗೆ ಈಚೆಗೆ ಬಿಳಿ ನೂಲಿನ ಹಾಗೆ ಏನೋ ಕಾಣುತ್ತಿದೆ. ಅಂಗಡಿಯವರು ಈ ಕ್ಯಾಮೆರಾ ಯುರೋಪಿಗೆ ಸಾಲಲ್ಲ, ಹಳೇದು ಕೊಟ್ಟು ಫುಲ್ ಫ್ರೇಮ್ ತಗೊಳ್ಳಿ, ಇಲ್ಲಾಂದ್ರೆ ಒಂದು 75-300 ಲೆನ್ಸ್ ಆದರೂ ಹಾಕಿಕೊಳ್ಳಿ ಅನ್ನುತ್ತಾರೆ. ಪುಣೆಯಲ್ಲಿರುವ ಅಳಿಯಂದಿರು ಕ್ಯಾಮೆರಾನೇ ಬೇಡ, ಮೊಬೈಲ್ ಸಾಕು ಅನ್ನುತ್ತಾರೆ. ನಮ್ಮ ಮನೆಯವರಂತೂ 'ನಿಮ್ಮ ಬ್ಯಾಗ್ ನಾ ಹೊರೂದಿಲ್ಲ ನೋಡ್ರಿ' ಅಂದುಬಿಟ್ಟಿದ್ದಾರೆ. ಅರವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಏರ್‌ಪೋರ್ಟಿನ ಎಕ್ಸ್‌ರೇಯಲ್ಲಿ ಕ್ಯಾಮೆರಾ ಹಾಳಾಗುತ್ತದೆ, ವಾಪಸ್ ಬರುವಾಗ ಕಸ್ಟಮ್ಸ್‌ನವರು ಹಿಡಿಯುತ್ತಾರೆ ಅಂತ ಬೇರೆ ಹೆದರಿಸಿದ್ದಾರೆ. ಏನು ಮಾಡಲಿ?"

ಸರ್, ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡ್ತೀನಿ. ನಿಮಗೆ ಸಲಹೆ ಕೊಟ್ಟವರಲ್ಲಿ ತೂಕದ ಬಗ್ಗೆ ಯೋಚನೆ ಮಾಡಿದವರು ಅವರೊಬ್ಬರೇ.

ನಾನು ವಿಜಯಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ಸೀಮಂತ, ಜಾತ್ರೆ ಎಲ್ಲ ತೆಗೆದಿದ್ದೇನೆ. ಮೊದಲ ಸಲ ಯುರೋಪಿಗೆ ಹೋದಾಗ, ಇದೂ ನಿಮ್ಮ ಹಾಗೇ ಗ್ರೂಪ್ ಟೂರು, ನನ್ನ ಹತ್ತಿರ ಇದ್ದ ಮಾಲೆಲ್ಲ ತುಂಬಿಕೊಂಡು ಹೋದೆ. 70-200 ಎಫ್ 2.8 ಲೆನ್ಸ್ (ಲೆನ್ಸಿನ ನಂಬರು ಚಿಕ್ಕದಾದಷ್ಟು ನೋಟ ಅಗಲ, ದೊಡ್ಡದಾದಷ್ಟು ದೂರದ್ದು ಹತ್ತಿರ; ಎಫ್ ನಂಬರು ಚಿಕ್ಕದಾದಷ್ಟು ಬೆಳಕು ಹೆಚ್ಚು) ಒಂದೇ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ಜೊತೆ ದೊಡ್ಡ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ), ಇನ್ನೆರಡು ಲೆನ್ಸ್, ಫ್ಲಾಶ್, ಟ್ರೈಪಾಡ್. ಮೂರನೇ ದಿನಕ್ಕೆ ಬಲಗಡೆ ಭುಜ ಹಿಡಿದುಕೊಂಡಿತು. ಊರಿಗೆ ಬಂದು ಎಣಿಸಿ ನೋಡಿದರೆ ಹನ್ನೆರಡು ದಿನದಲ್ಲಿ ಆ 70-200ರಲ್ಲಿ ತೆಗೆದ ಫೋಟೋ ಬರೀ ಹದಿನೆಂಟು. ಟ್ರೈಪಾಡ್ ಚೀಲದಿಂದ ಹೊರಗೇ ಬರಲಿಲ್ಲ. ಅಲ್ಲಿ ಲೂವ್ರ್, ವ್ಯಾಟಿಕನ್ ಮ್ಯೂಸಿಯಂನಂಥ ಕಡೆ ಟ್ರೈಪಾಡ್ ಒಳಗೇ ಬಿಡುವುದಿಲ್ಲ ಅನ್ನೋದು ಹೋದ ಮೇಲೆ ಗೊತ್ತಾಯ್ತು.

ಗ್ರೂಪ್ ಟೂರು ಅಂದ್ರೆ ಏನು ಅಂತ ಮೊದಲು ತಿಳಿದುಕೊಳ್ಳಿ, ಲೆನ್ಸಿನ ಲೆಕ್ಕ ಆಮೇಲೆ ತಾನಾಗೇ ಬರುತ್ತದೆ. ಬೆಳಿಗ್ಗೆ ಏಳೂವರೆಗೆ ಬಸ್ಸು. ಒಂದು ಕಡೆ ನಿಲ್ಲುತ್ತದೆ, ಟೂರ್ ಮ್ಯಾನೇಜರ್ "ಇಪ್ಪತ್ತು ನಿಮಿಷ, ಫೋಟೋ ತಗೊಂಡು ಬನ್ನಿ" ಅಂತಾರೆ. ಅದರಲ್ಲಿ ಐದು ನಿಮಿಷ ಟಾಯ್ಲೆಟ್ಟಿಗೆ, ಐದು ನಿಮಿಷ ಮನೆಯವರನ್ನು ನಿಲ್ಲಿಸಿ ತೆಗೆಯೋಕೆ, ಇನ್ನೈದು ನಿಮಿಷ ಪಕ್ಕದ ಸೀಟಿನವರು "ಸರ್, ನಮ್ಮದೂ ಒಂದು" ಅಂತ ಕೊಟ್ಟ ಮೊಬೈಲಿಗೆ. ಉಳಿದ ಐದು ನಿಮಿಷದಲ್ಲಿ ನೀವು ಲೆನ್ಸ್ ಬಿಚ್ಚಿ, ಇನ್ನೊಂದು ಹಾಕಿ, ಬ್ಯಾಗಿನ ಜಿಪ್ ಎಳೆದು ನಿಲ್ಲೋಷ್ಟರಲ್ಲಿ ಬಸ್ಸಿನ ಹಾರ್ನ್ ಆಗುತ್ತದೆ. ಹಾಗಾಗಿ ಇಂಥ ಟೂರಿನಲ್ಲಿ ಬ್ಯಾಗಿನಲ್ಲಿರುವ ಲೆನ್ಸ್ ಲೆಕ್ಕಕ್ಕಿಲ್ಲ. ಕ್ಯಾಮೆರಾಕ್ಕೆ ಆಗಲೇ ಹಾಕಿರುವ ಲೆನ್ಸೇ ನಿಮ್ಮ ಲೆನ್ಸ್. ಅದು ಯಾವುದಿರಬೇಕು ಅನ್ನೋದಷ್ಟೇ ಪ್ರಶ್ನೆ.

ಈಗ ಅಂಗಡಿಯವರ ಮಾತಿಗೆ ಬರೋಣ. ಅವರ ಮೇಲೆ ನನಗೇನು ಸಿಟ್ಟಿಲ್ಲ, ಮಾರೋದು ಅವರ ಕೆಲಸ. ಫುಲ್ ಫ್ರೇಮಿನಲ್ಲಿ ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯುವ ಚಿಪ್, ದೊಡ್ಡದು, ಕತ್ತಲಲ್ಲಿ ಫೋಟೋ ಸ್ವಚ್ಛ ಬರುತ್ತದೆ, ಅದು ನಿಜ. ಅವರು ಹೇಳದೇ ಇರೋದು ಬೇರೆ ಇದೆ. ನಿಮ್ಮ 18-55 ಮತ್ತು 55-250 ಎರಡೂ ಸಣ್ಣ ಸೆನ್ಸರಿಗೆ ಅಂತಲೇ ಮಾಡಿದ ಲೆನ್ಸ್. ಕ್ಯಾನನ್ನಿನ ಫುಲ್ ಫ್ರೇಮ್ ಡಿಎಸ್ಎಲ್ಆರಿಗೆ (ನಿಮ್ಮದರ ಹಾಗೆ ಒಳಗೆ ಕನ್ನಡಿ ಇರುವ ಕ್ಯಾಮೆರಾ) ಅವು ಕೂರುವುದೇ ಇಲ್ಲ. ಕನ್ನಡಿ ಇಲ್ಲದ ಮಿರರ್‌ಲೆಸ್ ತಗೊಂಡು ಅಡಾಪ್ಟರ್ ಹಾಕಿದರೆ ಕೂರುತ್ತವೆ, ಆದರೆ ಆಗ ಕ್ಯಾಮೆರಾ ಸೆನ್ಸರಿನ ನಡುಭಾಗ ಮಾತ್ರ ಬಳಸುತ್ತದೆ. 24 ಮೆಗಾಪಿಕ್ಸೆಲ್ ಇದ್ದದ್ದು ಒಂಬತ್ತು ಚಿಲ್ಲರೆಗೆ ಇಳಿಯುತ್ತದೆ. ದುಡ್ಡು ಕೊಟ್ಟು ಹಿಂದಕ್ಕೆ ಹೋದ ಹಾಗೆ ಅಲ್ವಾ? ಅಂದರೆ ಬಾಡಿ ಬದಲಿಸಿದರೆ ಲೆನ್ಸೂ ಬದಲಿಸಬೇಕು, ಅರವತ್ತು ಸಾವಿರಕ್ಕೆ ಹೊಸ ಫುಲ್ ಫ್ರೇಮ್ ಬಾಡಿ ಮತ್ತು ಒಳ್ಳೆ ಲೆನ್ಸ್ ಎರಡೂ ಬರಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹೊಸ ಕ್ಯಾಮೆರಾದ ಬಟನ್ ಕೈಗೆ ಹತ್ತೋಕೆ ಎರಡು ಮೂರು ತಿಂಗಳು ಬೇಕು. ಐಫೆಲ್ ಟವರಿನ ಮುಂದೆ ನಿಂತು ಮೆನು ಹುಡುಕೋದು ಬೇಡ.

75-300 ಬಗ್ಗೆ ಒಂದೇ ಮಾತು: ಬೇಡ. ಅಂಗಡಿಯಲ್ಲಿ ಸಾಮಾನ್ಯವಾಗಿ ತೋರಿಸುವ ಮಾದರಿಯಲ್ಲಿ ಕೈ ಅಲುಗಾಟ ತಡೆಯುವ ಐಎಸ್ ಇಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ ಸಣ್ಣದು, ಹಾಗಾಗಿ ಅದರ ಮೇಲೆ 300 ಅಂದರೆ ಫುಲ್ ಫ್ರೇಮಿನ 480ರಷ್ಟು, ಅಂದರೆ 1.6 ಪಟ್ಟು, ಹತ್ತಿರ ಎಳೆಯುತ್ತದೆ. ಸಂಜೆ ಹೊತ್ತು ಕೈಯಲ್ಲಿ ಹಿಡಿದು ತೆಗೆದರೆ ಹತ್ತಕ್ಕೆ ಎಂಟು ಮಸುಕು ಬರುತ್ತವೆ. ಮಸಾಯಿ ಮಾರಾಕ್ಕೆ ಸಿಂಹ ನೋಡೋಕೆ ಹೊರಟಿದ್ದರೆ ಉದ್ದ ಲೆನ್ಸಿನ ಮಾತು ಬೇರೆ. ರೋಮಿನಲ್ಲಿ ಬೀದಿಗಳು ಇಕ್ಕಟ್ಟು, ಕಟ್ಟಡ ದೊಡ್ಡವು. ಅಲ್ಲಿ ಹಿಂದೆ ಸರಿಯೋಕೆ ಜಾಗ ಸಾಲದೇ ಒದ್ದಾಡ್ತೀರಿ, ಹತ್ತಿರ ಎಳೆಯೋ ಪ್ರಸಂಗ ಕಡಿಮೆ.

ನಿಮ್ಮ ಅಳಿಯಂದಿರು ಹೇಳಿದ್ದು ಅರ್ಧ ಸರಿ, ಅದನ್ನ ಒಪ್ಪಿಕೊಳ್ಳಲೇಬೇಕು. ಮೊಬೈಲಿನ 0.5 ಕ್ಯಾಮೆರಾ ಇದೆಯಲ್ಲ, ಅದರ ನೋಟ ನಿಮ್ಮ 18-55ಕ್ಕಿಂತ ಎಷ್ಟೋ ಅಗಲ. ನಿಮ್ಮ 18 ಅಂದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 29. ಬಹಳ ಮೊಬೈಲುಗಳ 0.5 ಅಂದರೆ 13ರಿಂದ 16. ಕ್ಯಾನನ್ನಿನ 10-18 ಲೆನ್ಸ್ ಕೊಂಡರೂ 16ಕ್ಕೇ ನಿಲ್ಲುತ್ತೀರಿ. ಹಾಗಾಗಿ ಹಗಲು ಬೆಳಕಿನಲ್ಲಿ ಇಡೀ ಚೌಕ, ಇಡೀ ಚರ್ಚಿನ ಮುಂಭಾಗ ಹಿಡಿಯೋಕೆ ಮೊಬೈಲ್ ತೆಗೆಯಿರಿ, ನಾಚಿಕೆ ಬೇಡ. ನಾನೂ ತೆಗೀತೀನಿ. ಮೊಬೈಲ್ ಸೋಲೋದು ಎರಡು ಕಡೆ. ದೂರದ್ದನ್ನ ಎಳೆದಾಗ ಎಲೆ, ಕೂದಲು, ಕಲ್ಲಿನ ಕೆತ್ತನೆ ಎಲ್ಲ ಬಣ್ಣ ಬಳಿದ ಹಾಗೆ ಆಗಿಬಿಡುತ್ತದೆ. ಇನ್ನೊಂದು, ಕತ್ತಲಿನ ಒಳಾಂಗಣದಲ್ಲಿ ನಡೆದಾಡುವ ಮನುಷ್ಯರು. ಬಿಸಿಲಿನಲ್ಲಿ ಸ್ಕ್ರೀನ್ ಕಾಣದೇ ಇರೋದು, ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಇಪ್ಪತ್ತಕ್ಕೆ ಬರೋದು ಬೇರೆ. ಅದೇ ಮೊಬೈಲಿನಲ್ಲಿ ಟಿಕೆಟ್, ಮ್ಯಾಪ್, ಹೋಟೆಲ್ ವಿಳಾಸ ಎಲ್ಲ ಇರುತ್ತದೆ ಅನ್ನೋದು ನೆನಪಿರಲಿ.

ಹಾಗಾದರೆ ನಾನೇನು ಮಾಡ್ತಿದ್ದೆ? 1500ಡಿ ಹಾಗೇ ಇಟ್ಟುಕೊಂಡು, ಸೆಕೆಂಡ್ ಹ್ಯಾಂಡಿನಲ್ಲಿ ಒಂದು 18-135 ಐಎಸ್ ಎಸ್‌ಟಿಎಂ (ಸದ್ದಿಲ್ಲದೆ ಫೋಕಸ್ ಮಾಡುವ ಮೋಟಾರಿನದು) ಹುಡುಕುತ್ತಿದ್ದೆ. ತೂಕ 480 ಗ್ರಾಂ. ನಿಮ್ಮ 18-55 ಪೂರ್ತಿ ಅದರಲ್ಲೇ ಇದೆ, 55-250ರಲ್ಲಿ ನೀವು ನಿಜವಾಗಿ ಬಳಸುವ ಭಾಗವೂ ಇದೆ. ಊರಿನಿಂದ ಊರಿಗೆ ಅದನ್ನ ಬಿಚ್ಚುವ ಕೆಲಸವೇ ಇಲ್ಲ. ಬಿಚ್ಚದಿದ್ದರೆ ಸೆನ್ಸರ್ ಮೇಲೆ ದೂಳೂ ಕೂರಲ್ಲ. ನಮ್ಮ ಬಾಗಲಕೋಟೆ, ವಿಜಯಪುರದ ಏಪ್ರಿಲ್ ತಿಂಗಳ ದೂಳು ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ಜೊತೆ ದುಡ್ಡು ಉಳಿದರೆ 24 ಎಂಎಂ ಎಫ್ 2.8, ಚಪ್ಪಟೆ ಲೆನ್ಸು. 125 ಗ್ರಾಂ, ದಪ್ಪ ಎರಡೂಕಾಲು ಸೆಂಟಿಮೀಟರ್, ಅಂಗಿ ಜೇಬಿಗೆ ಹೋಗುತ್ತದೆ. ಊಟ ಆದ ಮೇಲೆ ಹೋಟೆಲಿನಿಂದ ಇಬ್ಬರೇ ಅಡ್ಡಾಡೋಕೆ ಹೋಗ್ತೀರಲ್ಲ, ಆಗ ಇದನ್ನ ಹಾಕಿ. ಬಾಡಿ 475 ಗ್ರಾಂ ಸೇರಿ ಎಲ್ಲ ಒಂದು ಕಿಲೋ ನೂರು ಗ್ರಾಮಿನೊಳಗೆ ಮುಗಿಯುತ್ತದೆ.

50 ಎಂಎಂ ಎಫ್ 1.8 ಯಾಕೆ ಬೇಡ ಅಂತ ಕೇಳಬಹುದು, ಅದು ಅಗ್ಗ, ಎಲ್ಲರೂ ಅದನ್ನೇ ಹೇಳ್ತಾರೆ. ಬೆಳಕಿನ ಲೆಕ್ಕದಲ್ಲಿ ಅದು ರಾಜ. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಆದರೆ ನಿಮ್ಮ ಕ್ಯಾಮೆರಾದ ಮೇಲೆ ಅದು 80ರ ಹಾಗೆ ಕೆಲಸ ಮಾಡುತ್ತದೆ. ಮೊಮ್ಮಗನ ಮುಖ ತೆಗೆಯೋಕೆ ಚಂದ. ಹೋಟೆಲಿನ ಟೇಬಲ್ಲಿಗೆ ಎದುರಾಗಿ ಕೂತು ಮನೆಯವರ ಫೋಟೋ ತೆಗೆಯೋಕೆ ಹೋದರೆ ಮೂಗು, ಕಣ್ಣು ಮಾತ್ರ ಬರುತ್ತದೆ, ನೀವು ಕುರ್ಚಿ ಸಮೇತ ಹಿಂದಕ್ಕೆ ಹೋಗಬೇಕು.

ಸೆಕೆಂಡ್ ಹ್ಯಾಂಡ್ ಅಂದಾಗ ಹೆದರಿಕೆ ಇರೋದು ಸಹಜ. ಬೆಳಗಾವಿ, ಹುಬ್ಬಳ್ಳಿಯಲ್ಲಿ ಮದುವೆ ಫೋಟೋಗ್ರಾಫರುಗಳ ಹತ್ತಿರ ಸಿಗುತ್ತವೆ, ಆದರೆ ಕೈಯಲ್ಲಿ ಹಿಡಿದು ನೋಡದೇ ತಗೋಬೇಡಿ. ನಿಮ್ಮ ಕ್ಯಾಮೆರಾ ಒಯ್ಯಿರಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಂದೆರಡು ದೂಳಿನ ಕಣ ಇದ್ದರೆ ಪರವಾಗಿಲ್ಲ, ಜೇಡರ ಬಲೆಯ ಹಾಗೆ ಕಂಡರೆ ಕೈಮುಗಿದು ಬನ್ನಿ. ಜೂಮ್ ರಿಂಗ್ ತಿರುಗಿಸುವಾಗ ಎಲ್ಲಾದರೂ ಹಿಡಿದ ಹಾಗೆ, ಮರಳು ಸಿಕ್ಕ ಹಾಗೆ ಸದ್ದು ಬರುತ್ತದಾ ಕೇಳಿ. ಆಮೇಲೆ 18, 50, 135 ಮೂರರಲ್ಲೂ ಗೋಡೆಗೆ ಅಂಟಿಸಿದ ಪೇಪರಿನ ಫೋಟೋ ತೆಗೆದು, ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಯಾವಾಗಲೋ ಬಿದ್ದೆದ್ದಿರಬಹುದು. ನಾನು ಒಮ್ಮೆ ಇದನ್ನೆಲ್ಲ ಬಿಟ್ಟು ಪರಿಚಯದವರು ಅಂತ ನಂಬಿ ತಂದು, ಮದುವೆಯ ಗ್ರೂಪ್ ಫೋಟೋದಲ್ಲಿ ಎಡಗಡೆ ನಿಂತ ಬೀಗರೆಲ್ಲ ಮಂಜಿನಲ್ಲಿ ನಿಂತ ಹಾಗೆ ಬಂದಿದ್ದರು. ಆ ಮನೆಯವರು ಇವತ್ತಿಗೂ ಎದುರು ಸಿಕ್ಕರೆ ಅದನ್ನೇ ಎತ್ತುತ್ತಾರೆ.

ಒಳ್ಳೆ 18-135 ಸಿಗಲಿಲ್ಲ ಅಂದ್ರೆ ಏನೂ ಮುಳುಗಿ ಹೋಗಲ್ಲ. ಇರೋ 18-55 ಹಾಕಿಕೊಂಡು, 24 ಎಂಎಂ ಒಂದು ಹೊಸದು ತಗೊಂಡು ಹೋಗಿ. ಬಾಡಿಗೆಗೆ ತರೋದು ಇನ್ನೊಂದು ದಾರಿ. ಆದರೆ ನಾನು ನೋಡಿದ ಹಾಗೆ ಬಾಡಿಗೆ ಕೊಡುವವರು ಬಹಳ ಜನ ವಿದೇಶಕ್ಕೆ ಒಯ್ಯೋಕೆ ಒಪ್ಪಲ್ಲ, ಒಪ್ಪಿದರೂ ದೊಡ್ಡ ಡಿಪಾಸಿಟ್ ಕೇಳ್ತಾರೆ. ಕಳೆದರೆ ಪೂರ್ತಿ ನಿಮ್ಮ ತಲೆಮೇಲೆ.

ಈಗ ಆ ಬಿಳಿ ನೂಲು. ಅದು ಫಂಗಸ್, ಬೂಷ್ಟು. ನೀವು ಬರೆಯದಿದ್ದರೂ ಊಹಿಸಬಲ್ಲೆ: ಕ್ಯಾಮೆರಾ ಜೊತೆ ಕೊಟ್ಟ ಬ್ಯಾಗಿನಲ್ಲೇ ಹಾಕಿ, ತಿಜೋರಿಯಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೀರಿ, ಹೌದಲ್ವಾ? ಕತ್ತಲು, ಗಾಳಿ ಆಡಲ್ಲ, ಮಳೆಗಾಲದ ತೇವ ಬಟ್ಟೆಯಲ್ಲಿ ಉಳಿದಿರುತ್ತದೆ. ಬೂಷ್ಟಿಗೆ ಅಷ್ಟು ಸಾಕು. ನಮ್ಮ ಕಡೆ ಒಣ ಹವೆ ಅಂತ ನಾವು ಧೈರ್ಯವಾಗಿರ್ತೀವಿ, ಬೆಳಗಾವಿಯ ಮಳೆಯಲ್ಲಿ ಇರುವವರು ನಮಗಿಂತ ಹುಷಾರು. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೋದಲ್ಲಿ ಕಾಣೋದೇ ಇಲ್ಲ. ನಡುವೆ ಹಬ್ಬಿದರೆ ಬಿಸಿಲಿಗೆ ಎದುರು ಹಿಡಿದಾಗ ಇಡೀ ಫೋಟೋ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಬಿಚ್ಚಿ ತೊಳೆಸಬಹುದು. ಆದರೆ ಕ್ಯಾಮೆರಾ ಜೊತೆ ಬರುವ ಇಂಥ ಕಿಟ್ ಲೆನ್ಸಿಗೆ ಆ ಖರ್ಚು ಮಾಡುವ ಮೊದಲು ಹಳೇ ಲೆನ್ಸ್ ಎಷ್ಟಕ್ಕೆ ಸಿಗುತ್ತದೆ ಕೇಳಿ ನೋಡಿ. ಅದನ್ನ ಉಳಿದ ಲೆನ್ಸುಗಳ ಜೊತೆ ಇಡಬೇಡಿ. ಉಳಿದವನ್ನ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ರವೆ ಹಾಕಿಡೋ ಡಬ್ಬಿನೇ ಸಾಕು, ಮನೆಯವರನ್ನ ಕೇಳಿ ತಗೊಳ್ಳಿ.

ಎಕ್ಸ್‌ರೇ ವಿಷಯ ಸುಮ್ನೆ ಹುಟ್ಟಿದ್ದಲ್ಲ, ಹಳೇ ಫಿಲ್ಮ್ ಕಾಲದಿಂದ ಬಂದದ್ದು. ಎಕ್ಸ್‌ರೇ ತಾಗಿದರೆ ಫಿಲ್ಮ್ ರೋಲು ಮಬ್ಬಾಗಬಹುದು, ಅದು ಇವತ್ತಿಗೂ ನಿಜ. ಡಿಜಿಟಲ್ ಸೆನ್ಸರಿಗೆ, ಮೆಮೊರಿ ಕಾರ್ಡಿಗೆ ಏನೂ ಆಗಲ್ಲ. ನಿಶ್ಚಿಂತೆಯಿಂದ ಟ್ರೇನಲ್ಲಿ ಇಡಿ. ಬ್ಯಾಟರಿ ವಿಷಯದಲ್ಲಿ ಮಾತ್ರ ನಿಯಮ ಗಟ್ಟಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ. ಮಿತಿ 100 ವ್ಯಾಟ್ ಅವರ್, ನಿಮ್ಮ ಕ್ಯಾಮೆರಾ ಬ್ಯಾಟರಿ ಆರು ಚಿಲ್ಲರೆ ಅಷ್ಟೇ. ಬಿಡಿ ಬ್ಯಾಟರಿಗೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಕಳೆದಿದ್ದರೆ ಟೇಪ್ ಹಚ್ಚಿ. ಕ್ಯಾಮೆರಾವನ್ನೂ ಕೈಚೀಲದಲ್ಲೇ ಇಡಿ.

ಕಸ್ಟಮ್ಸ್ ಬಗ್ಗೆ: ಬಳಸಿದ ಒಂದು ಕ್ಯಾಮೆರಾ, ಒಂದೆರಡು ಲೆನ್ಸ್ ಕಂಡು ಯಾರೂ ನನ್ನನ್ನ ತಡೆದಿಲ್ಲ. ಆದರೂ ಬಿಲ್ಲಿನ ಮತ್ತು ಸೀರಿಯಲ್ ನಂಬರಿನ ಫೋಟೋ ಮೊಬೈಲಿನಲ್ಲಿರಲಿ. ಹೊಸದಾಗಿ ದುಬಾರಿ ಏನಾದರೂ ಕೊಂಡಿದ್ದರೆ, ಹೊರಡುವಾಗ ಇಲ್ಲಿನ ಏರ್‌ಪೋರ್ಟಿನ ಕಸ್ಟಮ್ಸ್ ಕೌಂಟರಿನಲ್ಲಿ ಸಾಮಾನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬಹುದು. ವಾಪಸ್ ಬರುವಾಗ "ಇದು ಇಲ್ಲಿಂದಲೇ ಒಯ್ದದ್ದು" ಅನ್ನೋಕೆ ಅದೇ ಸಾಕ್ಷಿ. ಅದಕ್ಕೆ ಒಂದು ಗಂಟೆ ಮೊದಲೇ ಹೋಗಬೇಕು ಅಷ್ಟೇ.

ಉಳಿದ ದುಡ್ಡಿನಲ್ಲಿ ನಿಮ್ಮ ಕ್ಯಾಮೆರಾದ ಒಂದು ಒರಿಜಿನಲ್ ಎಲ್‌ಪಿ-ಇ10 ಬ್ಯಾಟರಿ, ಆಗೋದಾದರೆ ಎರಡು, ತಗೊಳ್ಳಿ. ಅಗ್ಗದ ಡೂಪ್ಲಿಕೇಟ್ ಬೇಡ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಕ್‌ಗೆ ಕರೆದೊಯ್ಯುತ್ತಾರೆ ಅಂತ ಬರೆದಿದ್ದೀರಿ. ಅದು 3,454 ಮೀಟರ್ ಎತ್ತರ, ಮೇ ತಿಂಗಳಲ್ಲೂ ಸುತ್ತ ಹಿಮ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ನನ್ನ ಡೂಪ್ಲಿಕೇಟ್ ಅಲ್ಲಿ ಮೂವತ್ತು ಫೋಟೋಕ್ಕೆ ಕೆಂಪು ದೀಪ ತೋರಿಸಿತು, ಎರಡನೆಯದನ್ನ ಹೋಟೆಲಿನಲ್ಲಿ ಚಾರ್ಜಿಗೆ ಹಾಕಿ ಅಲ್ಲೇ ಮರೆತಿದ್ದೆ. ಬಿಡಿ ಬ್ಯಾಟರಿಯನ್ನ ಸ್ವೆಟರಿನ ಒಳಗಿನ ಜೇಬಿನಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಿ. ಸತ್ತಂತೆ ಕಂಡದ್ದೂ ಬೆಚ್ಚಗಾದರೆ ಇನ್ನೊಂದಿಷ್ಟು ಎಳೆಯುತ್ತದೆ.

ಹಿಮದಲ್ಲಿ ಇನ್ನೊಂದು ಕಾಟ. ಕ್ಯಾಮೆರಾ ಕಣ್ಣಿಗೆ ಜಗತ್ತೆಲ್ಲ ಬೂದು ಬಣ್ಣ ಇರಬೇಕು ಅಂತ ಲೆಕ್ಕ. ಎದುರಿಗೆ ಬರೀ ಬಿಳಿ ಕಂಡರೆ "ಬೆಳಕು ಜಾಸ್ತಿ ಆಯ್ತು" ಅಂದುಕೊಂಡು ತಾನೇ ಕಡಿಮೆ ಮಾಡುತ್ತದೆ. ಹಿಮ ಬೂದಿಯ ಹಾಗೆ, ಮನೆಯವರ ಮುಖ ಕಪ್ಪಗೆ ಬರುತ್ತದೆ. ಮೋಡ್ ಡಯಲ್ ಪಿ ಗೆ ತಂದು ಎಕ್ಸ್‌ಪೋಶರ್ ಕಾಂಪನ್ಸೇಶನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಒಂದರಿಂದ ಒಂದೂವರೆ ಪ್ಲಸ್ ಮಾಡಿ. ಕೆಳಗಿಳಿದ ಮೇಲೆ ಸೊನ್ನೆಗೆ ತರೋದು ಮರೀಬೇಡಿ, ನಾನು ಮರೆತು ಇಡೀ ಲುಸರ್ನ್ ಊರನ್ನೇ ಬೆಳ್ಳಗೆ ಮಾಡಿಕೊಂಡು ಬಂದಿದ್ದೆ. ಚಳಿಯಿಂದ ಬೆಚ್ಚನೆ ರೆಸ್ಟೋರೆಂಟಿಗೆ ಹೋಗುವ ಮುಂಚೆ ಕ್ಯಾಮೆರಾನ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬ್ಯಾಗಿಗೆ ಹಾಕಿ. ಇಲ್ಲಾಂದ್ರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಮೈತುಂಬ ಬೆವರುತ್ತದೆ. ಆಗ ಲೆನ್ಸ್ ಬಿಚ್ಚಿದರೆ ತೇವ ಒಳಗೂ ಹೋಗುತ್ತದೆ. ಮತ್ತೆ ಬೂಷ್ಟಿನ ಕತೆ.

ಚಾರ್ಜರ್ ಚಿಂತೆ ಬೇಡ, ಅಲ್ಲೂ 230 ವೋಲ್ಟೇ. ಸಣ್ಣ ಎರಡು ಪಿನ್ನಿನ ಪ್ಲಗ್ ಮೂರೂ ದೇಶದಲ್ಲಿ ಕೂರುತ್ತದೆ. ಸ್ವಿಟ್ಜರ್ಲೆಂಡಿನ ಸಾಕೆಟ್ ಗೋಡೆಯೊಳಗೆ ಆರು ಮೂಲೆಯ ಗುಂಡಿಯ ಹಾಗಿರುತ್ತದೆ, ದಪ್ಪ ದುಂಡನೆ ಪ್ಲಗ್ ಅದರಲ್ಲಿ ಹೋಗಲ್ಲ, ಚಪ್ಪಟೆಯದು ಹೋಗುತ್ತದೆ. ನಮ್ಮ ಮೂರು ಪಿನ್ನಿನದು ಎಲ್ಲೂ ಹೋಗಲ್ಲ, ಒಂದು ಅಡಾಪ್ಟರ್ ಇರಲಿ.

ಚರ್ಚಿನ ಒಳಗೆ ತೆಗೆಯೋದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಅಲ್ಲೇ ಎಲ್ಲರೂ ಸೋಲೋದು. ಫ್ಲಾಶ್ ಹಾಕಬೇಡಿ, ಬಹಳ ಕಡೆ ಬಿಡೋದೂ ಇಲ್ಲ. ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲಿನಲ್ಲಂತೂ ಫೋಟೋನೇ ಇಲ್ಲ, ಕ್ಯಾಮೆರಾ ಒಳಗಿಟ್ಟು ತಲೆ ಎತ್ತಿ ನೋಡಿ. ಉಳಿದ ಕಡೆ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, 3200ಕ್ಕೆ ಏರಿಸೋಕೆ ಹೆದರಬೇಡಿ. ಸ್ವಲ್ಪ ಕಾಳು ಕಾಳು ಬಂದರೂ ಆಲ್ಬಮ್ಮಿನ ಸೈಜಿಗೆ ಪ್ರಿಂಟ್ ಹಾಕಿಸಿದಾಗ ಕಾಣಲ್ಲ, ಅಲುಗಾಡಿದ ಫೋಟೋ ಮಾತ್ರ ಯಾವ ಸೈಜಿಗೂ ಸರಿಹೋಗಲ್ಲ. ಐಎಸ್ ಇದೆ ಅಂತ ಪೂರ್ತಿ ನಂಬಬೇಡಿ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಎದುರಿನವರು ಅಲುಗಾಡಿದರೆ ಅದೇನು ಮಾಡುತ್ತದೆ?

ರೋಮಿನ ಪ್ಯಾಂಥಿಯನ್‌ಗೆ ಕರೆದುಕೊಂಡು ಹೋದರೆ ಒಂದು ಉಪಾಯ. ಅಲ್ಲಿನ ಗುಮ್ಮಟದ ಒಳಗಿನ ಅಗಲ 43 ಮೀಟರ್ ಚಿಲ್ಲರೆ, ನಮ್ಮ ಗೋಳಗುಮ್ಮಟದ್ದು ಸುಮಾರು 38. ಇಲ್ಲಿ ನಾನು ಎಷ್ಟೋ ಸಲ ಮಾಡಿದ್ದೇನೆ: ಕ್ಯಾಮೆರಾನ ಕರವಸ್ತ್ರದ ಮೇಲೆ ನೆಲಕ್ಕೆ ಅಂಗಾತ ಮಲಗಿಸಿ, 18ಕ್ಕೆ ತಂದು, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯೋದು. ಟ್ರೈಪಾಡೇ ಬೇಡ. 1500ಡಿಯ ಸ್ಕ್ರೀನ್ ಹೊರಗೆ ತಿರುಗಲ್ಲ, ಹಾಗಾಗಿ ಅಂದಾಜಿನಲ್ಲೇ ಮೂರು ನಾಲ್ಕು ಸಲ ಸರಿಸಿ ನೋಡಬೇಕು. 18ರಲ್ಲೂ ಇಡೀ ಗುಮ್ಮಟ ಬರಲ್ಲ. ಪೂರ್ತಿ ಬೇಕಂದರೆ ಅದೇ ಜಾಗದಲ್ಲಿ ಮೊಬೈಲ್ ಮಲಗಿಸಿ.

ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ. ಐಫೆಲ್ ಟವರ್ ಕತ್ತಲಾದ ಮೇಲೆ ಪ್ರತಿ ಗಂಟೆಗೆ ಐದು ನಿಮಿಷ ಮಿಣಮಿಣ ಹೊಳೆಯುತ್ತದೆ, ನಿಮಗೆ ಸಿಗೋದು ಹತ್ತು ಗಂಟೆಯದು. ಅಷ್ಟೊತ್ತಿಗೆ ಟೂರಿನವರು ಊಟ ಮಾಡಿಸಿ ಹೋಟೆಲಿಗೆ ಸೇರಿಸಿರುತ್ತಾರೆ. ಈಗಲೇ ಫೋನ್ ಮಾಡಿ ಆ ದಿನದ ಕಾರ್ಯಕ್ರಮ ಕೇಳಿಟ್ಟುಕೊಳ್ಳಿ. ಆ ಊರಿನಲ್ಲಿ, ರೋಮಿನಲ್ಲೂ, ಜೇಬುಗಳ್ಳರು ಜಾಸ್ತಿ. ಕ್ಯಾಮೆರಾ ಬೆಲ್ಟನ್ನ ಕುತ್ತಿಗೆಗೆ ಹಾಕದೆ ಅಡ್ಡ ಹಾಕಿಕೊಳ್ಳಿ. ಕಂಪನಿ ಹೆಸರು ದಪ್ಪಗೆ ಬರೆದ ಬೆಲ್ಟ್ ಇದ್ದರೆ ತೆಗೆದು ಸಾದಾ ಕಪ್ಪು ಬೆಲ್ಟ್ ಹಾಕಿ.

ಹೊರಡೋಕೆ ಮೊದಲು ಒಂದು ಭಾನುವಾರ, ಯುರೋಪಿಗೆ ಒಯ್ಯುವ ಬ್ಯಾಗ್ ಹಾಗೇ ಹೊತ್ತುಕೊಂಡು ಬಾದಾಮಿ, ಪಟ್ಟದಕಲ್ಲಿಗೆ ಹೋಗಿ ಬನ್ನಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಒಳಗಿನ ಕಂಬಗಳ ಕತ್ತಲು, ಬಾಗಿಲಿನಿಂದ ಬೀಳುವ ಬಿಸಿಲು, ಇದೇ ಪರೀಕ್ಷೆ ಫ್ಲಾರೆನ್ಸಿನ ಚರ್ಚಿನಲ್ಲೂ ಇರುತ್ತದೆ. ಅಲ್ಲಿ ಒಂದು ಕಂಬದ ಕೆತ್ತನೆಯನ್ನ ಫ್ಲಾಶ್ ಇಲ್ಲದೆ ಚೂಪಾಗಿ ತೆಗೆಯೋಕೆ ಬಂದರೆ ಎಲ್ಲ ಕಡೆ ಬರುತ್ತದೆ. ಬಾದಾಮಿಯ ಮೂರನೇ ಗುಹೆವರೆಗೂ ಮೆಟ್ಟಿಲು ಹತ್ತಿ. ಭುಜ ನೋಯ್ತಾ, ಯಾವ ಲೆನ್ಸ್ ಬ್ಯಾಗಿನಿಂದ ಹೊರಗೇ ಬರಲಿಲ್ಲ, ಅಲ್ಲೇ ಗೊತ್ತಾಗುತ್ತದೆ. ಹೊರಗೆ ಬಾರದ್ದನ್ನ ಮನೆಯಲ್ಲಿ ಬಿಡಿ.

ಕಾರ್ಡು 32 ಜಿಬಿಯವು ಎರಡು ಮೂರು ಇರಲಿ, 128ರದ್ದು ಒಂದೇ ಬೇಡ. ಒಂದು ಕಳೆದರೂ ಪ್ಯಾರಿಸ್ ಹೋಯ್ತು, ರೋಮ್ ಉಳೀತು ಅನ್ನಬಹುದು. ಜೆಪೆಗ್‌ನಲ್ಲಿ ಒಂದರಲ್ಲೇ 3,800ರ ಆಸುಪಾಸು ಫೋಟೋ ಹಿಡಿಸುತ್ತವೆ. ದಿನಾ ರಾತ್ರಿ ಚೆನ್ನಾಗಿ ಬಂದ ಹತ್ತನ್ನ ವೈಫೈನಿಂದ ಮೊಬೈಲಿಗೆ ಕಳಿಸಿಕೊಳ್ಳಿ, 1500ಡಿಯಲ್ಲಿ ಆ ಸೌಕರ್ಯ ಇದೆ. ವಿಮಾನ ಇಳಿದ ಕೂಡಲೇ ಕ್ಯಾಮೆರಾ ಗಡಿಯಾರ ಮೂರೂವರೆ ತಾಸು ಹಿಂದಕ್ಕೆ ಇಡಿ. ಮೊಬೈಲ್ ತಾನೇ ಬದಲಿಸಿಕೊಳ್ಳುತ್ತದೆ, ಕ್ಯಾಮೆರಾ ಬದಲಿಸಲ್ಲ. ಆಮೇಲೆ ಎರಡರ ಫೋಟೋ ಕೂಡಿಸಿದಾಗ ಊಟಕ್ಕಿಂತ ಮುಂಚೆ ತೆಗೆದದ್ದು ಊಟ ಆದ ಮೇಲೆ ಬಂದು ಕೂರುತ್ತದೆ. ಹೊರಡುವ ಹಿಂದಿನ ದಿನ ಕಾರ್ಡುಗಳನ್ನ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಅದಕ್ಕೂ ಮೊದಲು ಅದರಲ್ಲಿರೋ ಮೊಮ್ಮಗನ ಫೋಟೋಗಳನ್ನ ಕಂಪ್ಯೂಟರಿಗೆ ಹಾಕಿಕೊಳ್ಳಿ.